ಮೆಕ್ಕೆಜೋಳದ ಲದ್ದಿ ಹುಳು: ತೂತು ನೋಡಬೇಡಿ, ಸುಳಿ ಬಿಚ್ಚಿ ನೋಡಿ

"ಮೆಕ್ಕೆಜೋಳಕ್ಕೆ ಹುಳ ಬಿದ್ದಿದೆ. ಎರಡು ಸಲ ಎಣ್ಣೆ ಹೊಡೆದೆ. ತೂತು ಹಾಗೇ ಇದೆ. ಏನ್ ಮಾಡ್ಲಿ?"

ಜುಲೈ ಬಂತೆಂದರೆ ಈ ಮಾತು ನನ್ನ ಫೋನಿಗೆ ಬರಲು ಶುರುವಾಗುತ್ತದೆ. (ಎಣ್ಣೆ ಹೊಡೆಯುವುದು ಅಂದರೆ ನಮ್ಮ ಕಡೆ ಹುಳಕ್ಕೆ ಔಷಧ ಸಿಂಪಡಿಸುವುದು.) ಜೊತೆಗೆ ಒಂದು ಫೋಟೋ. ಹರಿದು ಜಾಳುಜಾಳಾದ ಎಲೆ, ಹಿಂದೆ ಹೊಲ. ಗಿಡದ ನೆತ್ತಿಯಲ್ಲಿ ಎಳೆ ಎಲೆಗಳು ಸುತ್ತಿಕೊಂಡಿರುವ ಸುಳಿಯ ಫೋಟೋ ಮಾತ್ರ ಇರುವುದಿಲ್ಲ. ಹುಳ ಇರುವುದು ಸುಳಿಯಲ್ಲಿ, ನಾವು ನೋಡುವುದು ಎಲೆಯನ್ನು. ಎಡವಟ್ಟಾಗುವುದು ಅಲ್ಲೇ.

ದಾವಣಗೆರೆ ಕಡೆ ನಾವು ಮೆಕ್ಕೆಜೋಳ ಅಂತೀವಿ. ಧಾರವಾಡ, ಹಾವೇರಿ ಕಡೆ ಗೋವಿನಜೋಳ. ಮೈಸೂರು ಕಡೆ ಮುಸುಕಿನ ಜೋಳ. ಹೆಸರು ಯಾವುದಾದರೂ ಈ ಹುಳಕ್ಕೆ ಎಲ್ಲ ಒಂದೇ. ಇದರ ಮೂಲ ಅಮೆರಿಕ ಖಂಡದ ಬಿಸಿ ನಾಡುಗಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಭಾರತದಲ್ಲಿ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗುರುತು ಹಿಡಿದರು. ಫಾಲ್ ಸೈನಿಕ ಹುಳು ಎಂದು ಕಾಗದಪತ್ರದಲ್ಲಿ ಬರೆಯುತ್ತಾರೆ. ಸ್ಪೋಡಾಪ್ಟೆರಾ ಫ್ರುಜಿಪರ್ಡಾ ಎಂಬುದು ವಿಜ್ಞಾನದ ಹೆಸರು. ಹೊಲದಲ್ಲಿ ಮಾತ್ರ ಲದ್ದಿ ಹುಳು ಅಂತಲೇ ಕರೆಯುತ್ತೇವೆ. ಈ ಹೆಸರು ನನಗೆ ಬಹಳ ಇಷ್ಟ, ಯಾಕೆಂದರೆ ಏನನ್ನು ಹುಡುಕಬೇಕು ಎಂಬುದು ಹೆಸರಿನಲ್ಲೇ ಇದೆ.

ಆ ವರ್ಷ ನಮ್ಮ ಹೊಲದಲ್ಲೂ ಬಂತು. ಅಪ್ಪ ನೋಡಿ, "ಇದು ಸುಳಿ ಕೊರಕ, ಹರಳು ಹಾಕು" ಅಂದರು. ನಾನೂ ಹಾಗೇ ಅಂದುಕೊಂಡೆ. ಅಂಗಡಿಯಿಂದ ಹರಳು ಔಷಧ ತಂದು ಎರಡು ಎಕರೆಗೆ ಹಾಕಿದೆವು. ಹತ್ತು ದಿನಕ್ಕೆ ಹುಳ ಕಿರುಬೆರಳಿನಷ್ಟು ದಪ್ಪವಾಗಿತ್ತು. ಆವತ್ತು ಗುರುತು ಹಿಡಿಯುವುದರಲ್ಲಿ ಮಾಡಿದ ತಪ್ಪು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸುಳಿಗೆ ಕೈ ಹಾಕಿ

ಬೆಳಿಗ್ಗೆ ಬೇಗ ಅಥವಾ ಸಂಜೆ ಹೊತ್ತು ಇಳಿದ ಮೇಲೆ ಹೊಲಕ್ಕೆ ಹೋಗಿ. ಬಿಸಿಲೇರಿದ ಮೇಲೆ ಹುಳ ಸುಳಿಯ ಆಳಕ್ಕೆ ಇಳಿಯುತ್ತದೆ, ಸುಮ್ನೆ ಮೇಲಿಂದ ನೋಡಿದರೆ ಸಿಗುವುದಿಲ್ಲ.

ಗಿಡದ ಪಕ್ಕ ಕೂತುಕೊಳ್ಳಿ. ಎರಡೂ ಹೆಬ್ಬೆರಳಲ್ಲಿ ಸುಳಿಯ ಎಲೆಗಳನ್ನು ಬಾಳೆಹೂವು ಬಿಡಿಸಿದಂತೆ ಮೆಲ್ಲಗೆ ಬಿಡಿಸಿ. ಹುಳ ಇದ್ದರೆ ಮೊದಲು ಕೈಗೆ ಸಿಗುವುದು ಅದರ ಹಿಕ್ಕೆ. ಮರ ಕೊಯ್ಯುವಲ್ಲಿ ಬೀಳುವ ಹೊಟ್ಟನ್ನು ನೀರಲ್ಲಿ ನೆನೆಸಿ ತುರುಕಿದಂತೆ ಇರುತ್ತದೆ. ಅದೇ ಲದ್ದಿ. ಬೆರಳಲ್ಲಿ ಉಜ್ಜಿ ನೋಡಿ. ಹಸಿಯಾಗಿ, ಹಸಿರು ಮಿಶ್ರಿತ ಕಂದು ಬಣ್ಣಕ್ಕಿದ್ದು ಬೆರಳಿಗೆ ಮೆತ್ತಿಕೊಂಡರೆ ಹುಳ ಒಳಗೇ ಇದೆ, ರಾತ್ರಿ ತಿಂದಿದೆ. ಒಣಗಿ, ಕಂದು ಪುಡಿಯಾಗಿ ಉದುರಿದರೆ ಹುಳ ಹೋಗಿರಬಹುದು, ಸತ್ತಿರಬಹುದು, ಇಲ್ಲವೇ ಕೋಶವಾಗಲು ಮಣ್ಣಿಗೆ ಇಳಿದಿರಬಹುದು. ಮಳೆ ಬಿದ್ದ ಮರುದಿನ ಮಾತ್ರ ಈ ಪರೀಕ್ಷೆ ನಂಬಬೇಡಿ. ಹಳೆಯ ಲದ್ದಿಯೂ ನೆನೆದಿರುತ್ತದೆ. ಒಂದು ದಿನ ಬಿಟ್ಟು ನೋಡಿ.

ಹುಳ ಇನ್ನೂ ಸಣ್ಣದಿದ್ದಾಗ ಲದ್ದಿ ಇಷ್ಟು ಕಾಣಿಸುವುದಿಲ್ಲ. ಆಗ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಳೆ ಹುಳ ತೂತು ಮಾಡುವುದಿಲ್ಲ. ಎಲೆಯ ಹಸಿರನ್ನು ಮಾತ್ರ ಕೆರೆದು, ತೆಳು ಪೊರೆ ಉಳಿಸುತ್ತದೆ. ಎಣ್ಣೆ ಹತ್ತಿದ ಕಾಗದದಂತೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುವ ಮಚ್ಚೆ ಕಾಣುತ್ತದೆ. ಇದು ಸಿಕ್ಕರೆ ನಿಮ್ಮ ಅದೃಷ್ಟ. ಸರಿಯಾದ ಸಮಯಕ್ಕೆ ಬಂದಿದ್ದೀರಿ.

ಮೊಟ್ಟೆಯೂ ಕಣ್ಣಿಗೆ ಬೀಳಬಹುದು. ಎಲೆಗೆ ಬೂದು ಬಣ್ಣದ ಬೂಸ್ಟು ಹಿಡಿದಂತೆ ಒಂದು ಉಗುರಿನಗಲದ ಗುಪ್ಪೆ. ತಾಯಿ ಪತಂಗ ತನ್ನ ಮೈಮೇಲಿನ ರೋಮ ಉದುರಿಸಿ ಮೊಟ್ಟೆ ಮುಚ್ಚಿರುತ್ತದೆ. ಒಂದು ಗುಪ್ಪೆಯಲ್ಲಿ ನೂರರಿಂದ ಇನ್ನೂರು ಮೊಟ್ಟೆ. ಎರಡು ಮೂರು ದಿನಕ್ಕೆ ಒಡೆಯುತ್ತವೆ. ಮರಿಗಳು ನೂಲು ಬಿಟ್ಟುಕೊಂಡು ಗಾಳಿಗೆ ತೇಲಿ ಪಕ್ಕದ ಗಿಡ ಸೇರುತ್ತವೆ. ಅದಕ್ಕೇ ಶುರುವಿನಲ್ಲಿ ಹೊಲದ ಒಂದೆರಡು ಕಡೆ ಗುಂಪಾಗಿ ಕಾಣಿಸಿ, ಆಮೇಲೆ ಹರಡಿದಂತೆ ಕಾಣುವುದು. ಗುಪ್ಪೆ ಸಿಕ್ಕಿದರೆ ಅಲ್ಲೇ ಹಿಸುಕಿಬಿಡಿ. ಇದಕ್ಕಿಂತ ಅಗ್ಗದ ಔಷಧ ಇನ್ನೊಂದಿಲ್ಲ.

ಇದು ಅದೇ ಹುಳವಾ?

ಹುಳ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಂಗೈ ಮೇಲೆ ಹಾಕಿಕೊಳ್ಳಿ, ಕಚ್ಚುವುದಿಲ್ಲ, ಕಡಿತವೂ ಬರುವುದಿಲ್ಲ. ತಲೆಯ ಮುಂಭಾಗ ನೋಡಿ. ಕವೆಗೋಲನ್ನು ತಲೆಕೆಳಗೆ ಹಿಡಿದಂತೆ ಒಂದು ಬಿಳಿ ಗೆರೆ ಇರುತ್ತದೆ. ಇಂಗ್ಲಿಷಿನ ವೈ ಅಕ್ಷರ ಉಲ್ಟಾ ಬರೆದ ಹಾಗೆ. ಎಲ್ಲರೂ ಹೇಳುವ ಗುರುತು ಇದು. ಆದರೆ ಇದೊಂದನ್ನೇ ನಂಬಬೇಡಿ. ಇದರ ದಾಯಾದಿ ಹುಳಗಳಿಗೂ ತಲೆ ಮೇಲೆ ಇಂಥ ಗೆರೆ ಇರುತ್ತದೆ.

ನಿಜವಾದ ಗುರುತು ಬಾಲದ ಹತ್ತಿರ ಇದೆ. ಕೊನೆಯಿಂದ ಎರಡನೇ ಉಂಗುರ ನೋಡಿ. ಚೌಕಾಬಾರದ ಮನೆಯ ನಾಲ್ಕು ಮೂಲೆಗೆ ಹುಣಸೆಬೀಜ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ, ಸರಿಯಾದ ಚೌಕದಲ್ಲಿ. ತಲೆ ಮೇಲೆ ಕವೆ, ಬಾಲದ ಬಳಿ ಚೌಕ, ಎರಡೂ ಇದ್ದರೆ ಅನುಮಾನ ಬೇಡ. ತೀರಾ ಎಳೆ ಹುಳದಲ್ಲಿ ಇವು ಸರಿಯಾಗಿ ಕಾಣುವುದಿಲ್ಲ. ಅಕ್ಕಿಕಾಳಿನಷ್ಟು ಉದ್ದ ಬಂದ ಮೇಲೆ ಸ್ಪಷ್ಟವಾಗುತ್ತವೆ. ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ, ಭೂತಗನ್ನಡಿಯೇ ಬೇಡ.

ಈಗ ಬೇರೆ ಕಳ್ಳರ ಮಾತು. ಮೊಳಕೆಯಾಗಿ ಒಂದು ತಿಂಗಳ ಒಳಗೆ ನಡುವಿನ ಸುಳಿ ಒಣಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ, ಬುಡ ಕೊಳೆತು ನಾರುತ್ತಿದ್ದರೆ ಅದು ಸುಳಿ ನೊಣ. ಒಳಗೆ ಕಾಲಿಲ್ಲದ ಸಣ್ಣ ಹುಳ ಇರುತ್ತದೆ. ಕಾಂಡ ಕೊರಕ (ಅಪ್ಪ ಸುಳಿ ಕೊರಕ ಅಂದದ್ದು ಇದನ್ನೇ) ಕೂಡ ಸುಳಿ ಒಣಗಿಸುತ್ತದೆ, ಎಲೆಯಲ್ಲಿ ಸಾಲು ತೂತೂ ಮಾಡುತ್ತದೆ. ಆದರೆ ಆ ತೂತು ಗುಂಡುಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣದು, ಅಂಚು ನುಣುಪು. ಲದ್ದಿ ಹುಳದ ತೂತು ದೊಡ್ಡದು, ಅಂಚು ಹರಕುಮುರುಕು. ಕೊರಕ ಬೇಗ ಕಾಂಡದೊಳಗೆ ಹೋಗಿಬಿಡುತ್ತದೆ. ಕಾಂಡ ಸೀಳಿದರೆ ಸುರಂಗ ಕಾಣುತ್ತದೆ. ಸುಳಿಯಲ್ಲಿ ಲದ್ದಿ ರಾಶಿ ಇರುವುದಿಲ್ಲ. ನಾವು 2018ರಲ್ಲಿ ತಪ್ಪಿದ್ದು ಇಲ್ಲೇ. ತೂತಿನ ಸಾಲು ನೋಡಿದೆವು, ಕಾಂಡ ಸೀಳಿ ನೋಡಲಿಲ್ಲ.

ಎಲೆ ಅಂಚಿನಿಂದ ಒಳಕ್ಕೆ ತಿಂದು ನಡುನರ ಮಾತ್ರ ಉಳಿದಿದ್ದರೆ ಅದು ನಮ್ಮ ಅಜ್ಜಂದಿರ ಕಾಲದಿಂದ ಇರುವ ಹಳೆಯ ಸೈನಿಕ ಹುಳು. ಅದಕ್ಕೂ ಲದ್ದಿ ಹುಳು ಅಂತಲೇ ಹೆಸರು, ಗೊಂದಲ ಆಗುವುದು ಸಹಜ. ಅದು ಹಗಲು ಹೆಂಟೆ, ಕಸದ ಕೆಳಗೂ ಅಡಗಿರುತ್ತದೆ, ರಾತ್ರಿ ಹಿಂಡುಹಿಂಡಾಗಿ ಮೇಯುತ್ತದೆ. ಹೊಸದು ಹಾಗಲ್ಲ. ಬೆಳೆದ ಹುಳಗಳು ಒಂದನ್ನೊಂದು ತಿನ್ನುತ್ತವೆ. ಹಾಗಾಗಿ ಒಂದು ಸುಳಿಯಲ್ಲಿ ಕೊನೆಗೆ ಒಂದೋ ಎರಡೋ ಉಳಿಯುತ್ತವೆ.

ಮಿಡತೆ ತಿಂದರೆ ಸುಳಿಯಲ್ಲಿ ಲದ್ದಿ ಇಲ್ಲ. ಆಲಿಕಲ್ಲು, ಗಾಳಿಗೆ ಹರಿದರೂ ಇಲ್ಲ. ಎಳೆ ಎಲೆಯ ನಡುನರದ ಎರಡೂ ಕಡೆ ಬಿಳಿ ಪಟ್ಟಿ ಬಂದು ತೂತೇ ಇಲ್ಲದಿದ್ದರೆ ಅದು ಹುಳವೇ ಅಲ್ಲ, ಸತುವಿನ ಕೊರತೆ. ಅದಕ್ಕೂ ಎಣ್ಣೆ ಹೊಡೆದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಎಣಿಸಿ, ಆಮೇಲೆ ಅಂಗಡಿಗೆ ಹೋಗಿ

ಬದುವಿನ ಮೇಲೆ ನಿಂತು "ಪೂರ್ತಿ ಹೊಲ ಹೋಯ್ತು" ಅನ್ನಬೇಡಿ. ಬದುವಿನ ಸಾಲು ಯಾವಾಗಲೂ ಜಾಸ್ತಿ ಕೆಟ್ಟಂತೆ ಕಾಣುತ್ತದೆ. ಐದಾರು ಸಾಲು ಒಳಗೆ ಹೋಗಿ. ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲಿ. ಒಂದೊಂದು ಕಡೆ ಸಾಲಾಗಿ 20 ಗಿಡ ನೋಡಿ. ಒಟ್ಟು 100 ಗಿಡ. ಆರಿಸಿ ನೋಡಬೇಡಿ, ಸಾಲಿನಲ್ಲಿ ಸಿಕ್ಕ ಹಾಗೆ ನೋಡಿ. ಹಸಿ ಲದ್ದಿ, ಬೆಳ್ಳನೆ ಕೆರೆದ ಮಚ್ಚೆ, ಇಲ್ಲವೇ ಜೀವಂತ ಹುಳ, ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರೀ ಹಳೆ ತೂತು ಲೆಕ್ಕಕ್ಕಿಲ್ಲ. ನಾನು ಜೇಬಿನಲ್ಲಿ ಮೆಕ್ಕೆಜೋಳದ ಕಾಳು ಇಟ್ಟುಕೊಂಡು ಹೋಗುತ್ತೇನೆ. ಹುಳ ಇರುವ ಗಿಡಕ್ಕೊಂದು ಕಾಳು ಬಲಗಡೆ ಜೇಬಿಗೆ. ಮನೆಗೆ ಬಂದು ಎಣಿಸಿದರೆ ಶೇಕಡಾ ಲೆಕ್ಕ ಸಿಕ್ಕೇಬಿಡುತ್ತದೆ.

ಎರಡಡಿ ಸಾಲು, ಒಂದಡಿ ಗಿಡ ಎಂದರೆ ಎಕರೆಗೆ ಸುಮಾರು 22,000 ಗಿಡ. ನೂರಕ್ಕೆ ಐದು ಎಂದರೂ ಸಾವಿರಕ್ಕೂ ಮೇಲೆ ಗಿಡದಲ್ಲಿ ಹುಳ ಇದೆ ಅಂತಾಯಿತು. ಕಣ್ಣಿಗೆ ಭಯ ಹುಟ್ಟಿಸುವ ಸಂಖ್ಯೆ. ಆದರೂ ಗಿಡದ ವಯಸ್ಸು ನೋಡದೆ ತೀರ್ಮಾನ ಮಾಡಬಾರದು.

ಮೂರು ನಾಲ್ಕು ವಾರದ ಒಳಗಿನ ಗಿಡ: ನೂರಕ್ಕೆ ಐದು ದಾಟಿದರೆ ಕೆಲಸ ಶುರು ಮಾಡಿ. ಹುಳ ಎಳೆಯದಾಗಿದ್ದರೆ ಶೇಕಡಾ 5ರ ಬೇವಿನ ಬೀಜದ ಕಷಾಯ, ಇಲ್ಲವೇ 1500 ಪಿಪಿಎಂ ಸಾಂದ್ರತೆಯ ಬೇವಿನ ಎಣ್ಣೆ ಲೀಟರಿಗೆ 5 ಮಿಲಿ ಸಾಕಾಗುತ್ತದೆ. ಈ ವಯಸ್ಸಿನಲ್ಲಿ ಮೆಕ್ಕೆಜೋಳದ ಬೆಳೆಯುವ ಮೊಗ್ಗು ಇನ್ನೂ ಮಣ್ಣಿನ ಒಳಗೇ ಇರುತ್ತದೆ. ಮೇಲಿನ ಎಲೆ ಹರಿದರೂ ಗಿಡ ಚೇತರಿಸಿಕೊಳ್ಳುತ್ತದೆ. ಎಲೆ ಹರಿದಿದೆ ಅಂತ ಕಿತ್ತು ಮತ್ತೆ ಬಿತ್ತಲು ಹೋಗಬೇಡಿ. ಸ್ವಲ್ಪ ಹೊಲ ಇದ್ದರೆ ಒಂಬತ್ತು ಪಾಲು ಒಣ ಮರಳಿಗೆ ಒಂದು ಪಾಲು ಸುಣ್ಣದ ಪುಡಿ ಬೆರೆಸಿ ಚಿಟಿಕೆಯಷ್ಟು ಸುಳಿಗೆ ಹಾಕಿ. ಅವ್ವ ಹಿತ್ತಲ ಹತ್ತು ಗುಂಟೆಗೆ ಇಷ್ಟೇ ಮಾಡುವುದು. ಕೂಲಿ ಕೊಟ್ಟು ಐದು ಎಕರೆಗೆ ಮಾಡಿಸುವುದು ಆಗದ ಮಾತು.

ನಾಲ್ಕೈದು ವಾರದ ಗಿಡ: ನೂರಕ್ಕೆ ಹತ್ತು. ಅದಕ್ಕೂ ದೊಡ್ಡದು, ಸೂಲಂಗಿ (ಗಿಡದ ತುದಿಯ ಹೂಗೊಂಚಲು) ಇನ್ನೂ ಹೊರಬರದ ಗಿಡ: ನೂರಕ್ಕೆ ಇಪ್ಪತ್ತು. ಇದರ ಕೆಳಗಿದ್ದರೆ ಮೂರು ದಿನ ಬಿಟ್ಟು ಮತ್ತೆ ಎಣಿಸಿ. ಎಣ್ಣೆ ಹೊಡೆಯದೇ ಇರುವುದೂ ಒಂದು ತೀರ್ಮಾನವೇ.

ಮಿತಿ ದಾಟಿದಾಗ ಶಿಫಾರಸಿನಲ್ಲಿರುವ ಔಷಧಗಳು ಇವು. ಹೆಸರಿನ ಮುಂದಿನ ಅಂಕಿ, ಅಕ್ಷರ ಔಷಧದ ಬಲ ಮತ್ತು ಬಗೆ ಹೇಳುತ್ತವೆ. ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.4 ಮಿಲಿ. ಸ್ಪಿನೆಟೋರಾಮ್ 11.7 ಎಸ್‌ಸಿ ಲೀಟರಿಗೆ 0.5 ಮಿಲಿ. ಮೂರರಲ್ಲಿ ಒಂದು ಸಾಕು. ಮೂರನ್ನೂ ಕಲಸಬೇಡಿ.

"ಹೊಡೆದೆ, ಸಾಯಲಿಲ್ಲ"

ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇದೇ ದೂರು. ಮೊದಲೇ ಹೇಳಿಬಿಡುತ್ತೇನೆ, ಬಹಳ ಸಲ ಔಷಧ ಕೆಲಸ ಮಾಡಿರುತ್ತದೆ. ನಮಗೆ ಗೊತ್ತಾಗಿರುವುದಿಲ್ಲ, ಅಷ್ಟೇ.

ಯಾಕೆ ಅಂತೀರಾ? ಒಂದು ಕಾಗದವನ್ನು ನಾಲ್ಕು ಮಡಿಕೆ ಮಡಚಿ. ಕತ್ತರಿಯಿಂದ ಒಂದೇ ಒಂದು ತೂತು ಮಾಡಿ. ಬಿಚ್ಚಿ ನೋಡಿ. ನಾಲ್ಕು ಕಡೆ ತೂತು, ಅದೂ ಸಾಲಾಗಿ. ಮೆಕ್ಕೆಜೋಳದ ಸುಳಿಯೂ ಮಡಚಿದ ಕಾಗದವೇ. ಹುಳ ಒಳಗೆ ಒಂದು ಕಡೆ ಕಚ್ಚಿದ್ದು, ಎಲೆ ಬಿಚ್ಚಿಕೊಂಡಾಗ ಅಡ್ಡಲಾಗಿ ಸಾಲು ತೂತಾಗಿ ಕಾಣುತ್ತದೆ. ಎಲೆ ಬಿಚ್ಚಲು ದಿನಗಳು ಬೇಕು. ಇವತ್ತು ನೀವು ನೋಡುತ್ತಿರುವ ತೂತು ಹಿಂದಿನ ವಾರದ್ದು. ಸೋಮವಾರ ಎಣ್ಣೆ ಹೊಡೆದು ಹುಳ ಎಲ್ಲ ಸತ್ತರೂ, ಶುಕ್ರವಾರ ಬಿಚ್ಚಿಕೊಳ್ಳುವ ಹೊಸ ಎಲೆಯಲ್ಲೂ ತೂತು ಇದ್ದೇ ಇರುತ್ತದೆ. ತೂತು ಮುಚ್ಚುವ ಔಷಧ ಯಾರ ಹತ್ತಿರವೂ ಇಲ್ಲ.

ಹಾಗಾಗಿ ನಾನು ಮಾಡುವ ಪರೀಕ್ಷೆ ಇದು. ಹೊಡೆಯುವ ದಿನ ಸಂಜೆ, ಹುಳ ಇರುವ 20 ಗಿಡ ಆರಿಸಿ ಒಂದೊಂದಕ್ಕೂ ಕೆಂಪು ದಾರ ಕಟ್ಟುತ್ತೇನೆ. ಆ ಗಿಡಗಳ ಸುಳಿಯಲ್ಲಿರುವ ಲದ್ದಿಯನ್ನು ಕಡ್ಡಿಯಿಂದ ಕೆದಕಿ ತೆಗೆದುಬಿಡುತ್ತೇನೆ, ಹುಳವನ್ನು ಮಾತ್ರ ಅಲ್ಲೇ ಬಿಡುತ್ತೇನೆ. ಆಮೇಲೆ ಇಡೀ ಹೊಲದ ಜೊತೆ ಅವಕ್ಕೂ ಎಣ್ಣೆ. ನಾಲ್ಕನೇ ದಿನ ಬೆಳಿಗ್ಗೆ ದಾರ ಕಟ್ಟಿದ ಗಿಡಗಳನ್ನಷ್ಟೇ ನೋಡುವುದು. ಸುಳಿಯಲ್ಲಿ ಹೊಸ ಲದ್ದಿ ಬಂದಿದೆಯಾ ಇಲ್ವಾ? ಇಷ್ಟೇ ಪ್ರಶ್ನೆ. 20ರಲ್ಲಿ 17, 18 ಗಿಡ ಸ್ವಚ್ಛವಾಗಿದ್ದರೆ ಔಷಧ ಕೆಲಸ ಮಾಡಿದೆ. ಎಲೆ ಎಷ್ಟೇ ಹರಿದು ಕಾಣಲಿ, ಎರಡನೇ ಸಲ ಹೊಡೆಯುವ ಅಗತ್ಯ ಇಲ್ಲ. ಮೊನ್ನೆ ಮೊನ್ನೆ ಪಕ್ಕದ ಹೊಲದ ದೊಡ್ಡಪ್ಪ ಎರಡನೇ ಸಲಕ್ಕೆ ಔಷಧ ತಂದಿಟ್ಟುಕೊಂಡಿದ್ದರು. "ಒಂದ್ ಹತ್ತು ಸುಳಿ ಬಿಚ್ಚಿ ನೋಡೋಣ ಬನ್ನಿ ದೊಡ್ಡಪ್ಪ" ಅಂತ ಕರೆದುಕೊಂಡು ಹೋದೆ. ಒಂಬತ್ತರಲ್ಲಿ ಒಣ ಲದ್ದಿ. ಹತ್ತನೆಯದರಲ್ಲಿ ಕಪ್ಪಗೆ ಮುದುಡಿದ ಸತ್ತ ಹುಳ. "ಹಂಗಾದ್ರೆ ಇದನ್ನ ವಾಪಸ್ ಕೊಟ್ ಬರ್ತೀನಿ ತಗಾ" ಅಂದು ಪೊಟ್ಟಣ ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆಯೇ ಹೋಗಿ ಹುಳ ಅಲುಗಾಡುತ್ತಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಇಮಾಮೆಕ್ಟಿನ್ ಹಾಗೂ ಕ್ಲೋರಾಂಟ್ರಾನಿಲಿಪ್ರೋಲ್ ತಾಗಿದ ಹುಳ ಮೊದಲು ತಿನ್ನುವುದನ್ನು ಬಿಡುತ್ತದೆ, ಸಾಯುವುದು ಎರಡು ಮೂರು ದಿನ ಆದ ಮೇಲೆ.

ದಾರದ ಗಿಡಗಳಲ್ಲೂ ಹಸಿ ಲದ್ದಿ ಇದೆಯೇ? ಹಾಗಾದರೆ ನಿಜವಾಗಿ ಎಡವಿದ್ದೀರಿ. ಕಾರಣ ಹುಡುಕೋಣ.

ಹುಳದ ಗಾತ್ರ ನೋಡಿ. ಈ ಹುಳ ಆರು ಹಂತದಲ್ಲಿ ಬೆಳೆಯುತ್ತದೆ. ಎರಡರಿಂದ ಮೂರು ವಾರದ ಬಾಳು. ತಿನ್ನುವ ಎಲೆಯಲ್ಲಿ ಬಹುಪಾಲು ತಿನ್ನುವುದು ಕೊನೆಯ ಎರಡು ಹಂತದಲ್ಲಿ. ನಮಗೆ ಎಚ್ಚರ ಆಗುವುದೂ ಆಗಲೇ. ಅಕ್ಕಿಕಾಳಿನಷ್ಟಿದ್ದಾಗ ಸುಲಭಕ್ಕೆ ಸಾಯುವ ಹುಳ, ಒಂದೂವರೆ ಇಂಚು ಆದಾಗ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಜೊತೆಗೆ ಅದರ ಮೇಲೆ ಲದ್ದಿಯ ಬಿರಡೆ ಕೂತಿರುತ್ತದೆ. ಸೀಸೆಯ ಬಾಯಿಗೆ ಬಿರಡೆ ಹಾಕಿದಂತೆಯೇ. ಮೇಲಿಂದ ಬಿದ್ದ ಎಣ್ಣೆಯನ್ನು ಲದ್ದಿ ಹೀರಿಕೊಳ್ಳುತ್ತದೆ, ಹುಳ ಕೆಳಗೆ ಹಾಯಾಗಿರುತ್ತದೆ.

ಇಂಥ ದಪ್ಪ ಹುಳಕ್ಕೆ ವಿಷ ಪಾಷಾಣವೇ ಸರಿ. ಎಕರೆಗೆ 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ. ಬೆಲ್ಲವನ್ನು ಎರಡು ಮೂರು ಲೀಟರ್ ನೀರಲ್ಲಿ ಕರಗಿಸಿ ತೌಡಿಗೆ ಕಲಸಿ ಒಂದು ದಿನ ಮುಚ್ಚಿಡಿ. ಹುಳಿ ವಾಸನೆ ಬರಬೇಕು. ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ 75 ಡಬ್ಲ್ಯುಪಿ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಸಂಜೆ ಐದರ ಮೇಲೆ ಒಂದೊಂದು ಸುಳಿಗೂ ಚಿಟಿಕೆಯಷ್ಟು ಹಾಕುತ್ತಾ ಹೋಗಿ. ರಾತ್ರಿ ಮೇಲೆ ಬಂದ ಹುಳ ಬೆಲ್ಲದ ವಾಸನೆಗೆ ತಿನ್ನುತ್ತದೆ. ಕೈಗವಸು ಇಲ್ಲದೆ ಇದನ್ನು ಮುಟ್ಟಬೇಡಿ. ಕಲಸಿದ ಬುಟ್ಟಿಯನ್ನು ದನ, ಕೋಳಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಬೆಲ್ಲದ ವಾಸನೆ ಅವಕ್ಕೂ ಇಷ್ಟವೇ. ಹಳೆ ಕಾಲದ ಪಾಷಾಣಕ್ಕೆ ಮೊನೊಕ್ರೊಟೊಫಾಸ್ ಹಾಕುತ್ತಿದ್ದರು. ಅದು ಬೇಡವೇ ಬೇಡ.

ಇನ್ನು ಹೊಡೆದ ರೀತಿ. ಪಂಪು ಹೆಗಲಿಗೇರಿಸಿ ಎಡಕ್ಕೂ ಬಲಕ್ಕೂ ಬೀಸುತ್ತಾ ಓಡಿದರೆ ಎಲೆ ತೊಳೆದಂತಾಗುತ್ತದೆ, ಸುಳಿಗೆ ಹೋಗುವುದಿಲ್ಲ. ನಾಜಲ್ಲನ್ನು ಸುಳಿಯ ನೆತ್ತಿಗೆ ಹಿಡಿದು, ಒಳಗೆ ನೀರು ನಿಲ್ಲುವಂತೆ ಹೊಡೆಯಬೇಕು. ಸಾಲಿನಲ್ಲಿ ಗಿಡದಿಂದ ಗಿಡಕ್ಕೆ. ನಿಧಾನದ ಕೆಲಸ, ಬೇರೆ ದಾರಿ ಇಲ್ಲ. ನಮ್ಮಲ್ಲಿ ಮೊದಲು ಎಕರೆಗೆ ಐದು ಟ್ಯಾಂಕಿನಲ್ಲಿ ಮುಗಿಸುತ್ತಿದ್ದರು. ಗಿಡ ಎದೆಮಟ್ಟ ಬಂದಾಗ 16 ಲೀಟರಿನ ಹನ್ನೆರಡು ಟ್ಯಾಂಕು ಬೇಕೇ ಬೇಕು. ಹೊತ್ತೂ ಮುಖ್ಯ. ಮಟಮಟ ಮಧ್ಯಾಹ್ನ ಹೊಡೆದರೆ ಹುಳ ಆಳದಲ್ಲಿರುತ್ತದೆ. ಸಂಜೆ ಹೊಡೆಯಿರಿ.

ಅಳತೆಯ ತಪ್ಪು ನನಗೆ ತುಂಬ ಸಂಕಟ ಕೊಡುವ ವಿಷಯ. ಒಂದು ಅಂಗಡಿಯಲ್ಲಿ "ಕ್ಯಾನಿಗೆ ಒಂದು ಮುಚ್ಚಳ ಹಾಕಿ" ಅಂತ ಹೇಳಿ ಕಳಿಸಿದ್ದರು. ಯಾವ ಮುಚ್ಚಳ? ಮನೆಗೆ ಬಂದು ಸಿರಿಂಜಿನಲ್ಲಿ ಅಳೆದೆ. ಒಂದು ಬಾಟಲಿಯದ್ದು 5 ಮಿಲಿ, ಇನ್ನೊಂದರದ್ದು 12. 16 ಲೀಟರಿಗೆ 0.4 ಮಿಲಿ ಲೆಕ್ಕದಲ್ಲಿ 6.4 ಮಿಲಿ ಬೇಕು. ಕಡಿಮೆ ಹಾಕಿದರೆ ಹುಳ ಸಾಯುವುದಿಲ್ಲ. ಜಾಸ್ತಿ ಹಾಕಿದರೆ ದುಡ್ಡು ದಂಡ, ಹೊಡೆಯುವವರ ಮೈಗೂ ಕೇಡು. ಮೆಡಿಕಲ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಗುವ ಸಿರಿಂಜು ತಂದಿಡಿ. ಪುಡಿಯಾದರೆ ಟ್ಯಾಂಕಿಗಿಷ್ಟು ಅಂತ ಮೊದಲೇ ತೂಕ ಮಾಡಿ ಪೊಟ್ಟಣ ಕಟ್ಟಿಕೊಳ್ಳಿ. ಮುಖಕ್ಕೆ ಬಟ್ಟೆ, ತುಂಬು ತೋಳಿನ ಅಂಗಿ, ಗಾಳಿಗೆ ಬೆನ್ನು. ಇದನ್ನು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಅಳತೆ, ಹೊತ್ತು, ಗಾತ್ರ ಎಲ್ಲ ಸರಿ ಇದ್ದೂ ಹುಳ ಉಳಿದರೆ, ಅದೇ ಔಷಧವನ್ನು ಮತ್ತೆ ಹೊಡೆಯಬೇಡಿ. ಬೇರೆ ಗುಂಪಿನದ್ದಕ್ಕೆ, ಅಂದರೆ ಬೇರೆ ರೀತಿಯಲ್ಲಿ ಹುಳ ಕೊಲ್ಲುವ ಔಷಧಕ್ಕೆ ಬದಲಿಸಿ. ಒಂದೇ ಔಷಧವನ್ನು ಸಲಸಲಕ್ಕೂ ಹೊಡೆದರೆ ಅದಕ್ಕೆ ಸಾಯದ ಹುಳಗಳಷ್ಟೇ ಉಳಿದು ಸಂತಾನ ಬೆಳೆಸುತ್ತವೆ. ಇನ್ನೊಂದು ಸಾಧ್ಯತೆಯೂ ಇದೆ. ಸಿಕ್ಕ ಹುಳ ಎಲ್ಲ ಎಳೆಯವೇ ಆಗಿದ್ದರೆ ಅವು ಹಳೆಯವಲ್ಲ, ಹೊಸ ಮೊಟ್ಟೆಯ ಮರಿಗಳು. ಔಷಧ ಸೋತಿಲ್ಲ, ಹೊಸ ಪತಂಗ ಬಂದಿದೆ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಸಾವಿರದ ಮೇಲೆ ಮೊಟ್ಟೆ ಇಡುತ್ತದೆ, ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು.

ಬಿಳಿ ಹಿಟ್ಟು ಹಚ್ಚಿದಂತೆ ಸತ್ತ ಹುಳ

ಮಳೆ ಹಿಡಿದುಕೊಂಡು ಮೋಡ ಮುಚ್ಚಿದ ವಾರದಲ್ಲಿ ಎಲೆಗೆ ಅಂಟಿಕೊಂಡು ಸೆಟೆದು ಸತ್ತ ಹುಳ ಕಾಣಬಹುದು. ಮೊದಲು ಬಿಳಿ ಹಿಟ್ಟು ಮೆತ್ತಿದಂತೆ, ಎರಡು ದಿನಕ್ಕೆ ತಿಳಿ ಹಸಿರು. ಅದು ಮೆಟರೈಜಿಯಂ ರಿಲೈ ಎಂಬ ಶಿಲೀಂಧ್ರ. ಹಳೆಯ ಹೆಸರು ನೋಮೂರಿಯಾ. ನಮ್ಮ ಮಣ್ಣಿನಲ್ಲೇ ಇರುವ ನೆಂಟ. ತಲೆಕೆಳಗಾಗಿ ಜೋತುಬಿದ್ದು ಮುಟ್ಟಿದರೆ ನೀರಾಗಿ ಒಡೆಯುವ ಹುಳ ಕಂಡರೆ ಅದಕ್ಕೆ ವೈರಸ್ ರೋಗ. ಇಂಥವು ಹೊಲದಲ್ಲಿ ಅಲ್ಲಲ್ಲಿ ಕಾಣತೊಡಗಿದರೆ ದಯವಿಟ್ಟು ಎಣ್ಣೆ ಹೊಡೆಯಬೇಡಿ. ಒಂದು ವಾರ ಕೊಡಿ. ನಾನು ಮೊದಲ ಸಲ ಹೀಗೆ ಕೈಕಟ್ಟಿ ಕೂತಾಗ ಎದೆ ಡವಡವ ಅನ್ನುತ್ತಿತ್ತು. ಎಂಟನೇ ದಿನಕ್ಕೆ ಬೆಳ್ಳಗೆ ಸತ್ತ ಹುಳವೇ ಜಾಸ್ತಿ ಸಿಕ್ಕವು. ಈ ಶಿಲೀಂಧ್ರದ ಪುಡಿ ಕೊಳ್ಳಲೂ ಸಿಗುತ್ತದೆ. ತೇವ ಇರುವಾಗ, ಹುಳ ಎಳೆಯದಾಗಿರುವಾಗ ಮಾತ್ರ ಹೊಡೆಯಿರಿ. ಒಣ ಹವೆಯಲ್ಲಿ ಫಲ ಸಿಗುವುದಿಲ್ಲ.

ತೆನೆಗೆ ಬಂದ ಮೇಲೆ

ಸೂಲಂಗಿ ಬಂದ ಮೇಲೆ ಸುಳಿಯೇ ಇರುವುದಿಲ್ಲ. ಹುಳ ತೆನೆಯ ರೇಷ್ಮೆಗೋ, ಸಿಪ್ಪೆ ಕೊರೆದು ಕಾಳಿಗೋ ಹೋಗುತ್ತದೆ. ಅಲ್ಲಿಗೆ ಎಣ್ಣೆ ತಲುಪುವುದಿಲ್ಲ, ಹೊಡೆದು ಫಲವಿಲ್ಲ. ಕೈಯಲ್ಲಿ ಆರಿಸಿ ತೆಗೆಯಿರಿ. ಹಸಿ ತೆನೆ ಮಾರುವವರು, ಮೇವಿಗೆ ಬೆಳೆದವರು ಇನ್ನೂ ಹುಷಾರಾಗಿರಬೇಕು. ಡಬ್ಬಿಯ ಮೇಲೆ ಬರೆದಿರುವ ಕಾಯುವ ದಿನ ಮುಗಿಯದೆ ಕೊಯ್ಯಬೇಡಿ, ದನಕ್ಕೆ ಹಾಕಬೇಡಿ.

ಮುಂದಿನ ಬಿತ್ತನೆಗೆ

ಕೊಯ್ಲಾದ ಮೇಲೆ ಆಳಕ್ಕೆ ಉಳುಮೆ ಮಾಡಿ. ಕೋಶಗಳು ಮಣ್ಣಿನಲ್ಲಿ ಒಂದರಿಂದ ಮೂರು ಇಂಚು ಆಳದಲ್ಲಿರುತ್ತವೆ. ಮೇಲೆ ಬಂದರೆ ಬೆಳ್ಳಕ್ಕಿ, ಕಾಗೆ, ಗೊರವಂಕ ಆರಿಸಿಕೊಳ್ಳುತ್ತವೆ. ಊರಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ಒಳ್ಳೆಯದು. ಹಿಂದೆ ಬಿದ್ದವರ ಎಳೆ ಪೈರಿಗೆ ಎಲ್ಲರ ಹೊಲದ ಪತಂಗವೂ ಬಂದು ಕೂರುತ್ತದೆ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಬೆರೆತ ಬೀಜೋಪಚಾರದ ಔಷಧ ಕೆಜಿ ಬೀಜಕ್ಕೆ 6 ಮಿಲಿ ಹಾಕಿದರೆ ಮೊದಲ ಎರಡು ಮೂರು ವಾರ ನೆಮ್ಮದಿ. ಸಾಲುಗಳ ನಡುವೆ ತೊಗರಿ ಅಕ್ಕಡಿ ಹಾಕಿ. ನಮ್ಮ ಹಿರಿಯರು ಮಾಡುತ್ತಿದ್ದದ್ದೇ.

ಬಿತ್ತಿದ ವಾರದಿಂದಲೇ ಎಕರೆಗೆ ನಾಲ್ಕು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆ ಇಟ್ಟು ಗಂಡನ್ನು ಸೆಳೆಯುವ ಬಲೆ) ಕಟ್ಟಿ. ಅದಕ್ಕೆ ಗಂಡು ಪತಂಗ ಮಾತ್ರ ಬೀಳುತ್ತದೆ. ಬೇರೆ ಜಾತಿಯ ಪತಂಗವೂ ಬೀಳುವುದರಿಂದ ರೆಕ್ಕೆ ನೋಡಿ ಎಣಿಸಬೇಕು. ಮುಂದಿನ ರೆಕ್ಕೆ ಬೂದುಗಂದು, ತುದಿಗೆ ಬಿಳಿ ಮಚ್ಚೆ, ನಡುವೆ ಒಣಹುಲ್ಲಿನ ಬಣ್ಣದ ಓರೆ ಗುರುತು. ಅದೇ ನಮ್ಮದು. ಬಲೆಗೆ ಮೂರು ಬಿದ್ದವು ಅಂದರೆ ಸುಳಿ ಬಿಚ್ಚಲು ಶುರು ಮಾಡಿ.

ಇಷ್ಟಾದರೂ ಅನುಮಾನ ಉಳಿದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಹರಿದ ಎಲೆ ಒಯ್ಯಬೇಡಿ. ಒಂದು ಗಿಡವನ್ನು ಬೇರುಸಮೇತ ಕಿತ್ತು, ಸುಳಿಯಲ್ಲಿ ಲದ್ದಿ ಇದ್ದ ಹಾಗೇ ಒದ್ದೆ ಬಟ್ಟೆ ಸುತ್ತಿ ಒಯ್ಯಿರಿ. ಜೊತೆಗೆ ನಾಲ್ಕೈದು ಹುಳ, ಒಂದೊಂದನ್ನೂ ಬೇರೆ ಬೇರೆ ಬೆಂಕಿಪೆಟ್ಟಿಗೆಯಲ್ಲಿ ಹಾಕಿ. ಒಟ್ಟಿಗೆ ಹಾಕಿದರೆ ಅಲ್ಲಿಗೆ ತಲುಪುವಷ್ಟರಲ್ಲಿ ಒಂದೇ ಉಳಿದಿರುತ್ತದೆ.